ಶನಿವಾರ ಬಂದ ಕಬ್ಬಿಣ

ಗಿರಿಯಮ್ಮನಿಗೆ ಆ ಶ್ರಾವಣದಲ್ಲಿ ಕಥೆಗಳೆಲ್ಲ ಅರ್ಧರ್ಧವೇ ದಕ್ಕಿದ್ದವು. ಕಾಡಿಗೆ ಹೋದ ರಾಣಿ ಕಾಡಿನಲ್ಲೇ ಉಳಿದಿದ್ದಳು. ಬಾಣ ಹೂಡಿದವನು ಹೂಡಿಕೊಂಡೇ ನಿಂತಿದ್ದ. ಜಂಗಮನ ವೇಷ ತೊಟ್ಟು ಬಂದ ಶಿವ ಹೊಸಿಲ ಆಚೆ ಜೋಳಿಗೆ ಹಿಡಿದು ಕಾಯುತ್ತಿದ್ದ, ಒಳಗಿದ್ದವಳು ನೀಡಲು ಇನ್ನೂ ಎದ್ದಿರಲಿಲ್ಲ. ಹರಿಹರದ ಹೊಳೆದಂಡೆಯ ಮಂಟಪದಲ್ಲಿ ಅಜ್ಜಯ್ಯ ಎಂಬ ಹಿರಿಯರು ದಿನಾ ಬೆಳಗ್ಗೆ ಪುರಾಣ ಓದುತ್ತಿದ್ದರು. ಓದು ಎಂದರೆ ಬರೀ ಓದಲ್ಲ. ಪದ್ಯವನ್ನು ರಾಗವಾಗಿ ಹಾಡುವುದು, ನಿಲ್ಲಿಸಿ ಅರ್ಥ ಬಿಡಿಸುವುದು, ಮತ್ತೆ ಹಾಡುವುದು. ಕಥೆ ಇನ್ನೇನು ತಿರುವಿಗೆ ಬಂತು ಎನ್ನುವಷ್ಟರಲ್ಲಿ ಸೊಸೆ ರೇವತಿಯ ಕೈ ಹಿಂದಿನಿಂದ ಗಿರಿಯಮ್ಮನ ಹೆಗಲ ಮೇಲೆ ಬೀಳುತ್ತಿತ್ತು.

"ಅತ್ತೆ, ಏಳ್ರಿ. ಹೊತ್ತಾತು."

ರೇವತಿಯದೇನೂ ತಪ್ಪಿಲ್ಲ. ಅವಳು ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅತ್ತೆಯನ್ನು ಸ್ಕೂಟಿಯಲ್ಲಿ ಮಂಟಪಕ್ಕೆ ಕರೆತಂದು, ಮತ್ತೆ ಮನೆಗೆ ಮುಟ್ಟಿಸಿ, ಬಸ್ಸು ಹಿಡಿಯಬೇಕು. ಎದ್ದು ಹೋಗುವಾಗ ಗಿರಿಯಮ್ಮ ತಿರುತಿರುಗಿ ನೋಡುತ್ತಿದ್ದಳು. ಕಥೆ ಗೊತ್ತಿಲ್ಲವೆಂದಲ್ಲ. ಕೊಕ್ಕನೂರಿನ ತವರುಮನೆಯಲ್ಲಿ ಅಪ್ಪ ದೀಪ ಹಚ್ಚಿ ಕೂತು ಹಾಡಿದ್ದನ್ನೇ ಕೇಳುತ್ತ ಕೇಳುತ್ತ ನಿದ್ದೆಹೋಗಿ ಬೆಳೆದವಳು ಅವಳು. ಆದರೆ ಗೊತ್ತಿದ್ದ ಕಥೆಯಾದರೂ ಕೂತು ಕೇಳಿ ಮುಗಿಸದಿದ್ದರೆ ಅದು ಮುಗಿದಂತಲ್ಲ. ಉಣ್ಣುವ ಎಲೆಯಿಂದ ಎಬ್ಬಿಸಿದ ಹಾಗೆ.

ತಾನೇ ಹೋಗಿ ಬರುವಂತಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಒಂದು ಕಾಲಕ್ಕೆ ಕಡರನಾಯಕನಹಳ್ಳಿಯ ಅಂಗನವಾಡಿ ಕೆಲಸಕ್ಕೆ ಬಿಸಿಲೆನ್ನದೆ ಮಳೆಯೆನ್ನದೆ ಸೈಕಲ್ ತುಳಿದವಳು. ಹೋದ ವರ್ಷ ಬಂದ ಜ್ವರ ಕಿವಿಯೊಳಗೆ ಏನನ್ನೋ ಕದಲಿಸಿಬಿಟ್ಟು ಹೋಯಿತು. ಕಿವಿ ಕೇಳುತ್ತಿತ್ತು, ಮೊದಲಿಗಿಂತ ಚೆನ್ನಾಗಿಯೇ ಕೇಳುತ್ತಿತ್ತು. ನಿಂತ ನೆಲ ಮಾತ್ರ ದೋಣಿಯಾಯಿತು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಟ್ಟರೆ ಲೋಕ ಮೆಲ್ಲಗೆ ಒಂದು ಮಗ್ಗುಲಿಗೆ ವಾಲುತ್ತಿತ್ತು. ಎರಡು ಗಾಲಿಯ ಸೈಕಲ್ಲನ್ನು ಗುಜರಿಯವನು ಎತ್ತಿಕೊಂಡು ಹೋದ ದಿನ ಅವಳು ಬಾಗಿಲಿಗೂ ಬರಲಿಲ್ಲ.

ಮೂರು ಗಾಲಿಯ ಸೈಕಲ್ ದೊಡ್ಡವರಿಗೂ ಸಿಗುತ್ತದೆ ಎಂದು ಮೊಬೈಲಿನಲ್ಲಿ ಮೊದಲು ಕಂಡವನು ಮಗ ತಿಪ್ಪೇಶ. ಲಗೇಜ್ ಆಟೋ ಓಡಿಸುವ ತಿಪ್ಪೇಶನಿಗೆ ಗಾಲಿ ಇದ್ದದ್ದರ ಮೇಲೆಲ್ಲ ಪ್ರೀತಿ. ರೇವತಿ ಒಪ್ಪಿದಳು, ಒಂದು ಕರಾರಿನ ಮೇಲೆ.

"ತರ್ಸ್ರಿ. ಆದ್ರೆ ಒಂಚೂರು ತೊಂದ್ರೆ ಕೊಟ್ರೂ ವಾಪಸ್ ಕಳ್ಸಾದೆ. ವಾರದೊಳಗೆ ವಾಪಸ್ ತಗಂತಾರಂತೆ. ಅತ್ತೆ ರಸ್ತ್ಯಾಗೆ ಬಿದ್ರೆ ನಾನು ಅಂಗಡ್ಯಾಗೆ ಸೀರಿ ಮಡಚ್ತಾ ಕೂತಿರ್ತೀನಿ. ಗೊತ್ತಾಗದೂ ಇಲ್ಲ."

ಶ್ರಾವಣದ ಕೊನೆಯ ಸೋಮವಾರ ಪುರಾಣದ ಮಂಗಳ. ಅವತ್ತಾದರೂ ತನ್ನ ಪಾಡಿಗೆ ಹೋಗಿ, ಕೊನೆಯ ಪದ್ಯದವರೆಗೆ ಕೂತು, ತನ್ನ ಪಾಡಿಗೆ ಬರಬೇಕು. ಗಿರಿಯಮ್ಮನಿಗೆ ಇದ್ದದ್ದು ಇಷ್ಟೇ ಆಸೆ. ಯಾರ ಮುಂದೆಯೂ ಹೇಳಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿತ್ತು.

ಆ ಸೋಮವಾರಕ್ಕೆ ಮುಂಚಿನ ಶನಿವಾರ ತಿಪ್ಪೇಶ ದಾವಣಗೆರೆಯ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ದೊಡ್ಡ ರಟ್ಟಿನ ಡಬ್ಬಿ ತಂದು ಪಡಸಾಲೆಯಲ್ಲಿ ಇಳಿಸಿದ. ಗಿರಿಯಮ್ಮ ಗೋಡೆ ಹಿಡಿದುಕೊಂಡು ಬಂದು ನೋಡಿದಳು. ಮುಖ ಅರಳಿತು, ಅರಳಿದ ಹಾಗೇ ಬಾಡಿತು.

"ಏನೋ ತಿಪ್ಪೇಶಿ, ಶನಿವಾರ ಕಬ್ಬಿಣ ಮನಿಗೆ ತರ್ತಾರೇನೋ?"

"ಅವ್ವಾ, ಡಬ್ಬಿ ಒಳಗೈತೆ. ಶನಿದೇವ್ರಿಗೆ ಕಾಣಲ್ಲ ಬಿಡು."

"ಅವನಿಗೆ ಕಾಣ್ದಿರೋದು ಏನೈತೋ?"

"ನಾಳೆ ಭಾನುವಾರ ಆಫೀಸು ಬಂದ್. ಸೋಮವಾರ ತಂದ್ರೆ ನಿನ್ ಮಂಗಳಕ್ಕೆ ಹೆಂಗೆ ಹೋಗ್ತಿ? ಡಬ್ಬಿ ಮ್ಯಾಲೆ ಕೂತ್ಕಂಡಾ?"

ಅವತ್ತು ಅಂಗಡಿಗೆ ರಜೆ ಹಾಕಿದ್ದ ರೇವತಿ ಅಡುಗೆಮನೆಯಿಂದಲೇ ನಕ್ಕಳು. ಗಿರಿಯಮ್ಮ ನಗಲಿಲ್ಲ. ಅವಳ ಅವ್ವನ ಕಾಲದಿಂದ ಬಂದ ಮಾತು: ಶನಿವಾರ ಕಬ್ಬಿಣ ಹೊಸಿಲು ದಾಟಬಾರದು, ದಾಟಿದರೆ ಅದರಲ್ಲಿ ಒಂದು ಚೂರನ್ನು ಕಪ್ಪು ಬಟ್ಟೆಯಲ್ಲಿ ಎಳ್ಳಿನ ಜೊತೆ ಕಟ್ಟಿ ಹರಿಯುವ ನೀರಿಗೆ ಬಿಡಬೇಕು. ಒಂದು ಚೂರು ಕೊಟ್ಟರೆ ಇಡೀ ವಸ್ತುವನ್ನೇ ಕೊಟ್ಟ ಹಾಗೆ, ದೋಷ ಅಲ್ಲಿಗೆ ಹರಿದುಹೋಗುತ್ತದೆ. ಕೊಕ್ಕನೂರಿನಲ್ಲಿ ಅಪ್ಪ ಗೊತ್ತಿಲ್ಲದೆ ಶನಿವಾರ ಕುಂಟೆಯ ಕಬ್ಬಿಣದ ಕುಡ ತಂದಾಗ ಅವ್ವ ಅದರ ತುದಿಯ ತುಣುಕೊಂದನ್ನು ಕಮ್ಮಾರನಿಂದ ಮುರಿಸಿ ಹಳ್ಳಕ್ಕೆ ಬಿಟ್ಟು ಬಂದಿದ್ದಳು.

ಮಧ್ಯಾಹ್ನ ಮನೆ ಮಲಗಿತ್ತು. ತಿಪ್ಪೇಶ ಡಬ್ಬಿಯ ಬಾಯಿ ಬಿಚ್ಚಿಟ್ಟು ಬಾಡಿಗೆಗೆ ಹೋಗಿದ್ದ. ಗಿರಿಯಮ್ಮ ಅದರ ಪಕ್ಕ ಕೂತು ಒಳಗೆ ಇಣುಕಿದಳು. ಹಸಿರು ಬಣ್ಣದ ಕೊಳವೆಗಳು, ಬೆಳ್ಳಗೆ ಹೊಳೆಯುವ ಹಿಡಿಕೆ, ಒಂದರ ಮೇಲೊಂದು ಮಲಗಿದ ಮೂರು ಗಾಲಿ. ಹೊಟ್ಟೆಯೊಳಗಿನ ಕೂಸಿನ ಹಾಗೆ ಕೈಕಾಲು ಮಡಚಿಕೊಂಡು ಮಲಗಿತ್ತು ಸೈಕಲ್ಲು. ಇದರಲ್ಲಿ ಯಾವುದನ್ನು ಕೊಡುವುದು? ಕಡ್ಡಿ ಕಿತ್ತರೂ ಗಾಲಿಗೆ ನೋವು. ಆಗ ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಕಂಡಿತು. ಒಳಗೆ ಕೆಲವು ತೆಳ್ಳನೆ ಬಿಲ್ಲೆ, ತಲೆಪಿನ್ನಿನಂತೆ ಎರಡು ಕಾಲಿನ ಒಂದು ಕಡ್ಡಿ, ಬೆಲ್ಲದ ಚೂರಿನಷ್ಟು ಉದ್ದದ ಒಂದು ಚೌಕ ಉಕ್ಕು. ಅಂಗೈಯಲ್ಲಿ ಸುರಿದುಕೊಂಡಳು. ಗುಬ್ಬಿ ಕೂತಷ್ಟೂ ಭಾರವಿಲ್ಲ. ಅಷ್ಟು ದೊಡ್ಡ ಸೈಕಲ್ಲಿಗೆ ಇದು ಯಾವ ಲೆಕ್ಕ?

ಹಳೆಯ ಕೊಡೆಯ ಬಟ್ಟೆ ಹರಿದು, ಎಳ್ಳು ಹಾಕಿ ಗಂಟು ಕಟ್ಟಿದಳು. ಭಾನುವಾರ ಬೆಳಗ್ಗೆ ರೇವತಿಯ ಜೊತೆ ಪುರಾಣಕ್ಕೆ ಹೋದಾಗ, ಮೆಟ್ಟಿಲ ಮೇಲೆ ಕೂತು ಅದನ್ನು ತುಂಗಭದ್ರೆಗೆ ಬಿಟ್ಟಳು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗಂಟು ಮುಳುಗಿದ್ದೂ ಗೊತ್ತಾಗಲಿಲ್ಲ. ಅವಳ ಎದೆ ಮಾತ್ರ ಹಗುರಾಯಿತು.

ಮನೆಗೆ ಬಂದರೆ ಅಂಗಳದಲ್ಲಿ ಸೈಕಲ್ಲು ನಿಂತಿತ್ತು. ಹಸಿರು ಮೈ, ಹಿಂದೆ ತಂತಿಯ ಬುಟ್ಟಿ, ಅಗಲವಾದ ಸೀಟು. ತಿಪ್ಪೇಶ ಬೆವರು ಒರೆಸಿಕೊಳ್ಳುತ್ತ ಮದುಮಗನ ಹಾಗೆ ಪಕ್ಕದಲ್ಲಿ ನಿಂತಿದ್ದ.

"ನೋಡವ್ವಾ. ಕೂಡ್ಸಿದ್ದು ಯಾರು? ಒಂದು ನಟ್ಟೂ ಉಳ್ದಿಲ್ಲ."

"ಚೀಟಿ ಓದಿ ಕೂಡ್ಸಿದ್ರಾ?" ಎಂದಳು ರೇವತಿ.

"ಚೀಟಿ ಓದೋರು ಕೂಡ್ಸಕ್ಕೆ ಬರ್ದೇ ಇರೋರು." ತಿಪ್ಪೇಶ ಹಿಂದಿನ ಗಾಲಿಗೆ ಒದ್ದು ತೋರಿಸಿದ. "ಇಲ್ಲಿ ಅಚ್ಚಿನ ತುದ್ಯಾಗೆ ಒಂದು ತೂತು ಖಾಲಿ ಐತೆ. ಒಳಗೊಂದು ಸಂದಿನಂಗೆ ಕೊರ್ದಾರೆ, ಅದೂ ಖಾಲಿ. ಗಾಳಿ ಆಡ್ಲಿ ಅಂತ ಬಿಟ್ಟಿರ್ತಾರೆ. ನಟ್ಟು ಮಾತ್ರ ಹೆಂಗೆ ಬಿಗ್ದೀನಿ ಅಂದ್ರೆ, ಆನೆ ಬಂದ್ರೂ ಬಿಚ್ಚಲ್ಲ."

ಗಿರಿಯಮ್ಮನ ಕಣ್ಣು ಆ ಖಾಲಿ ತೂತಿನ ಮೇಲೆ ಒಂದು ಗಳಿಗೆ ನಿಂತಿತು. ಬೇರೇನೂ ಯೋಚಿಸುವ ಮೊದಲೇ ಮಗ ಅವಳನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ.

ತುಳಿದಳು. ಓಣಿ ಹಿಂದಕ್ಕೆ ಸರಿಯಿತು. ಲೋಕ ವಾಲಿತು, ತಾನು ವಾಲಲಿಲ್ಲ. ಗೋಡೆ ಇಲ್ಲ, ಯಾರ ಹೆಗಲೂ ಇಲ್ಲ, ಆದರೂ ಬೀಳುತ್ತಿಲ್ಲ! ದೋಣಿಯಾಗಿದ್ದ ನೆಲದ ಮೇಲೆ ಈಗ ತಾನೇ ದೋಣಿ. ನುಗ್ಗೆಮರದ ನೆರಳು ಮೈಮೇಲೆ ಬಂದು ಹೋಯಿತು, ಯಾರದೋ ಮನೆಯ ಒಗ್ಗರಣೆ ಬಂದು ಹೋಯಿತು. ಓಣಿಯ ತುದಿಗೆ ಹೋಗಿ ತಿರುಗುವಾಗ ಅವಳ ಬಾಯಲ್ಲಿ ಅಪ್ಪ ಹಾಡುತ್ತಿದ್ದ ಧಾಟಿ ತಾನಾಗಿ ಬಂತು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಗಾಲಿಯೂ ಅದೇ ಗತಿಯಲ್ಲಿ ದನಿ ಮಾಡುತ್ತಿತ್ತು.

ಮಾಡುತ್ತಿತ್ತು, ಆದರೆ ಪೂರಾ ಅಲ್ಲ. ಸುತ್ತಿಗೊಮ್ಮೆ ಎಲ್ಲೋ ಒಂದು ಮಾತ್ರೆ ತಪ್ಪುತ್ತಿತ್ತು. ಹಾಡುವವನು ಎಂಜಲು ನುಂಗುತ್ತ ಒಂದಕ್ಷರ ನುಂಗಿಬಿಟ್ಟ ಹಾಗೆ. ಅಂಥ ತಪ್ಪನ್ನು ಗಿರಿಯಮ್ಮ ಚಿಕ್ಕಂದಿನಲ್ಲಿ ನಿದ್ದೆಯಲ್ಲೂ ಗುರುತಿಸುತ್ತಿದ್ದಳು. ಬಲಗಡೆಯ ಹಿಂದಿನ ಗಾಲಿ. ಟಕ್, ಟಕ್, ಬಿಡುವು. ಅಲ್ಲಿ ಏನೋ ಇರಬೇಕಾಗಿತ್ತು, ಇಲ್ಲ.

ಓಣಿಯಿಂದ ದೊಡ್ಡ ರಸ್ತೆಗೆ ಹತ್ತುವಲ್ಲಿ ಸಣ್ಣ ಏರು. ಅಲ್ಲಿ ಬಲವಾಗಿ ತುಳಿದಳು. ಪೆಡಲ್ ತಿರುಗಿತು, ಗಾಲಿ ತಿರುಗಲಿಲ್ಲ. ಗಂಟಲೊಳಗೆ ದನಿ ಇದ್ದೂ ಬಾಯಿಗೆ ಬಾರದ ಹಾಗೆ. ಸೈಕಲ್ಲು ಒಂದು ಕ್ಷಣ ಯೋಚಿಸುತ್ತ ನಿಂತು, ಆಮೇಲೆ ಮೆತ್ತಗೆ ಹಿಂದಕ್ಕೆ ಸರಿದು, ಏರಿನ ಪಕ್ಕದ ಮನೆಯ ಕುಬೇರಪ್ಪ ಕಟ್ಟಡಕ್ಕೆಂದು ಹಾಕಿಸಿದ್ದ ಮರಳಿನ ಗುಡ್ಡೆಯಲ್ಲಿ ಬೆನ್ನು ಹೂತು ಕೂತಿತು. ನೋಡಿದ್ದು ಒಂದು ಕೋಳಿ ಮಾತ್ರ.

ಮರಳಿನಲ್ಲಿ ಕೂತೇ ಗಿರಿಯಮ್ಮನಿಗೆ ಎಲ್ಲ ತಿಳಿಯಿತು. ಖಾಲಿ ತೂತು, ಕೊರೆದ ಸಂದು, ಬೆಲ್ಲದ ಚೂರಿನಂಥ ಉಕ್ಕು. ಅದು ಗಾಳಿ ಆಡಲು ಬಿಟ್ಟ ಜಾಗವಲ್ಲ. ಎತ್ತಿನ ಬಂಡಿಗೆ ಗಾಲಿ ಕಳಚದಂತೆ ಹಿಡಿಯುವ ಕಡಾಣಿ ಇದ್ದ ಹಾಗೆ ಇದಕ್ಕೂ ಒಂದು ಇರುತ್ತದೆ, ಅದನ್ನೇ ತಾನು ಹೊಳೆಗೆ ಬಿಟ್ಟು ಬಂದಿದ್ದೇನೆ.

ಹೇಳಿದರೆ? ರೇವತಿ ಆಡಿದ ಮಾತು ಕಿವಿಯಲ್ಲಿತ್ತು. ಒಂಚೂರು ತೊಂದರೆ ಕೊಟ್ಟರೂ ವಾಪಸ್. ಹೇಳದಿದ್ದರೆ? ನಾಳೆ ಒಂದು ದಿನ ಆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರಾಯಿತು. ಒಂದೇ ಒಂದು ದಿನ. ಮಂಗಳ ಮುಗಿದ ಮೇಲೆ ಗಾಲಿ ಬಿದ್ದರೆ ಬೀಳಲಿ. ಸೈಕಲ್ಲನ್ನು ಮರಳಿನಿಂದ ಎಳೆದು, ಸಮತಟ್ಟಿನ ಮೇಲೆ ಮೆಲ್ಲಗೆ ತುಳಿದುಕೊಂಡು ಮನೆಗೆ ಬಂದಳು.

"ಹೆಂಗೈತವ್ವಾ?" ಎಂದ ತಿಪ್ಪೇಶ.

"ಚೆಂದೈತೆ," ಎಂದಳು. ಸುಳ್ಳಲ್ಲ. ನಿಜವೂ ಅಲ್ಲ.

ಉಂಡು ಮಲಗಿದಾಗ ಕಣ್ಣಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹೊಳೆ ನಿಂತಿತ್ತು, ದಂಡೆ ಹರಿಯುತ್ತಿತ್ತು. ಗುಡಿಯ ಗೋಪುರ, ಮಂಟಪ, ಅರಳಿಮರ, ಪುರಾಣ ಕೇಳುತ್ತ ಕೂತ ಜನ ಎಲ್ಲ ಸದ್ದಿಲ್ಲದೆ ತೇಲಿ ಹೋಗುತ್ತಿದ್ದರು. ಅಜ್ಜಯ್ಯನವರ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ನಿಂತ ನೀರಿನ ತಳದಲ್ಲಿ ಆ ಚೌಕ ಉಕ್ಕು ಹೊಳೆಯುತ್ತಿತ್ತು. ದಂಡೆಯನ್ನು ಅದರ ಜಾಗದಲ್ಲಿ ಹಿಡಿದಿದ್ದದ್ದೇ ಅದು ಎಂದು ಕನಸಿನಲ್ಲಿ ಅವಳಿಗೆ ಗೊತ್ತಿತ್ತು. ಕೈ ಚಾಚಿದಳು. ನೀರು ಗಾಜಿನಂತೆ ಗಟ್ಟಿಯಾಗಿತ್ತು.

ಎಚ್ಚರವಾದಾಗ ಇಳಿಹೊತ್ತು. ಅಂಗಳದಲ್ಲಿ ರೇವತಿಯ ದನಿ. ಗೋಡೆ ಹಿಡಿದು ಬಂದು ನೋಡಿದರೆ, ರೇವತಿ ಸೆರಗು ಸೊಂಟಕ್ಕೆ ಸಿಗಿಸಿ ಸೈಕಲ್ಲಿನ ಮೇಲೆ ಕೂತಿದ್ದಳು. ಹಿಡಿಕೆಗೆ ಆಗಲೇ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು.

"ಎಲ್ಲಿಗವ್ವಾ?" ಎಂದು ಗಿರಿಯಮ್ಮ ಸೊಸೆಯನ್ನು ಕೇಳಿದಳು.

"ಪಿ.ಬಿ. ರೋಡಿಗೆ. ಸೇತುವೆ ಇಳಿಜಾರಿನಾಗೆ ಬ್ರೇಕ್ ಹಿಡಿತೈತೋ ಇಲ್ಲೋ ನೋಡ್ಕಂಡು ಬರ್ತೀನಿ. ನಾಳೆ ನೀವೊಬ್ರೇ ಹೋಗೋರು. ಅದು ಬೀಳಂಗಿದ್ರೆ ಇವತ್ತೇ ನನ್ನ ಬೀಳಿಸ್ಲಿ."

"ಲಾರಿ ಓಡಾಡ್ತಾವೆ..."

"ಓಡಾಡ್ಲಿ ಬಿಡ್ರಿ. ಲಾರಿ ಇಲ್ದಿದ್ ಕಡೆ ನೋಡಿದ್ರೆ ಏನು ನೋಡ್ದಂಗಾತು?"

ರೇವತಿ ಪೆಡಲ್ ಮೇಲೆ ಕಾಲಿಟ್ಟಳು. ಇಷ್ಟು ದಿನ ಹೆಗಲ ಮೇಲೆ ಬೀಳುತ್ತಿದ್ದ ಆ ಕೈಯನ್ನು ಗಿರಿಯಮ್ಮ ಆಗ ಮೊದಲ ಸಲ ಸರಿಯಾಗಿ ನೋಡಿದಳು. ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಇಳೀ! ಇಳಿಯವ್ವಾ ಮೊದ್ಲು!"

ಆ ಕೂಗಿಗೆ ಒಳಗಿದ್ದ ತಿಪ್ಪೇಶ ಹೊರಗೆ ಓಡಿಬಂದ. ಗಿರಿಯಮ್ಮ ಹೊಸಿಲ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ಶನಿವಾರದ ಕಬ್ಬಿಣ, ಪೊಟ್ಟಣ, ಎಳ್ಳು, ಹೊಳೆ, ಮರಳಿನ ಗುಡ್ಡೆ. ಹೇಳಿ ಮುಗಿಸಿ ತಲೆ ತಗ್ಗಿಸಿದಳು. "ವಾಪಸ್ ಕಳ್ಸಾದಾದ್ರೆ ಕಳ್ಸ್ರಿ."

ಆಮೇಲೆ ರೇವತಿ ಮೆಲ್ಲಗೆ ಸೈಕಲ್ಲಿನಿಂದ ಇಳಿದಳು.

"ಅಲ್ಲ ಅತ್ತೆ, ಶನಿದೇವ್ರಿಗೆ ಒಂದು ಮೊಳೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ? ಮನ್ಯಾಗೆ ಡಬ್ಬಿ ತುಂಬ ಮೊಳೆ ಅದಾವಲ್ಲ!"

"ಮೊಳೆ ಹಳೇದು ಕಣವ್ವಾ. ಶನಿವಾರ ಬಂದಿದ್ದೇ ಕೊಡಬೇಕು."

ತಿಪ್ಪೇಶ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಖಾಲಿ ತೂತಿಗೆ ಬೆರಳಿಟ್ಟು ನೋಡಿದ. "ಅಷ್ಟು ಸಣ್ಣದ್ರಿಂದ ಏನಾಗ್ತೈತೆ? ಓಡ್ತಾನೇ ಐತಲ್ಲ..."

"ನೀವು ಸುಮ್ನಿರ್ರಿ, ಗಾಳಿ ಆಡ್ಲಿ ಅಂದೋರು!" ರೇವತಿ ಒಳಗೆ ಹೋಗಿ ಸ್ವೆಟರ್ ತಂದು ಅತ್ತೆಯ ಮೈಗೆ ಹೊದಿಸಿದಳು. "ಆಟೋ ತೆಗೀರಿ. ದಾವಣಗೆರ್ಯಾಗೆ ಮಂಡಕ್ಕಿ ಭಟ್ಟಿ ಕಡೆ ನಬೀ ಸಾಬ್ರ ಸೈಕಲ್ ಅಂಗಡಿ ಐತಲ್ಲ, ಅವ್ರದು ಶುಕ್ರವಾರ ರಜಾ, ಭಾನುವಾರ ತೆಗ್ದಿರ್ತೈತೆ. ಸಿಗ್ಲಿಲ್ಲ ಅಂದ್ರೆ ಆವಾಗ ನೋಡಾನ ವಾಪಸ್ಸು."

ಸೈಕಲ್ಲನ್ನು ಲಗೇಜ್ ಆಟೋದ ಹಿಂದೆ ಹಗ್ಗದಿಂದ ಬಿಗಿದರು. ಮುಂದಿನ ಸೀಟು ಇಬ್ಬರಿಗಷ್ಟೇ. ನಾನು ಹಿಂದೆ ಕೂರುತ್ತೇನೆ ಎಂದು ಗಿರಿಯಮ್ಮ ಹಟ ಹಿಡಿದಳು. ಆಟೋದ ತಗಡಿನ ಮೇಲಲ್ಲ, ಸೈಕಲ್ಲಿನ ಸೀಟಿನ ಮೇಲೆ.

"ಪೊಲೀಸ್ರು ಕಂಡ್ರೆ ನಿನ್ನೂ ಲಗೇಜು ಅಂತ ಬರ್ಸ್ತೀನಿ," ಎಂದ ತಿಪ್ಪೇಶ. ಅವಳ ಸೊಂಟಕ್ಕೂ ಒಂದು ಸುತ್ತು ಹಗ್ಗ ಬಿಗಿದು, ನಿಧಾನವಾಗಿ ಹೊರಟ.

ಹೀಗೆ ಗಿರಿಯಮ್ಮ ಹರಿಹರದಿಂದ ದಾವಣಗೆರೆಗೆ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋದಳು. ಹಾಗೆ ಹೋದವರು ಅವಳಿಗೆ ಮೊದಲು ಯಾರೂ ಇರಲಾರರು. ಪೆಡಲ್ ಮೇಲೆ ಕಾಲು, ಹಿಡಿಕೆಯ ಮೇಲೆ ಕೈ. ಹಳೇ ಪಿ.ಬಿ. ರಸ್ತೆ ಅವಳ ಕಾಲ ಕೆಳಗಿಂದ ಹರಿದು ಹಿಂದಕ್ಕೆ ಹೋಗುತ್ತಿತ್ತು. ಎಡಬಲಕ್ಕೆ ಎದೆಮಟ್ಟ ಬೆಳೆದ ಮೆಕ್ಕೆಜೋಳ, ಅದರ ಮೇಲೆ ಮಳೆ ಹೊತ್ತು ಸುಮ್ಮನೆ ನಿಂತ ಮೋಡ, ಮೋಡದ ಅಂಚಿನಲ್ಲಿ ಅರಿಶಿನದ ಬೆಳಕು. ಗಾಳಿ ಸೆರಗಿನೊಳಗೆ ತುಂಬಿ ಅವಳನ್ನು ಎತ್ತಿಬಿಡುವ ಹಾಗಿತ್ತು. ಎದುರಿನಿಂದ ಬಂದ ಬಸ್ಸಿನ ಕಿಟಕಿಗಳಲ್ಲಿ ಸಾಲು ಮುಖಗಳು ಬಾಯಿ ತೆರೆದು ನೋಡಿ ಹೋದವು. ಒಬ್ಬಳು ಕೈಮುಗಿದಳು. ಯಾವ ದೇವರ ಉತ್ಸವಮೂರ್ತಿಯೋ ಎಂದುಕೊಂಡಿರಬೇಕು. ಗಿರಿಯಮ್ಮ ಕಣ್ಣು ಮುಚ್ಚಿದಳು. ಮುಚ್ಚಿದರೆ ಸಾಕು ತಲೆ ತಿರುಗುತ್ತಿದ್ದ ಕಾಲ ಅದು. ಈಗ ತಿರುಗಲಿಲ್ಲ. ಲೋಕವೇ ಓಡುತ್ತಿರುವಾಗ ತಲೆಗೆ ತಿರುಗಲು ಪುರುಸೊತ್ತೇ ಇರಲಿಲ್ಲ. ತಾನು ಏರಿದ್ದು ವಿಮಾನ, ಹೋಗುತ್ತಿರುವುದು ಕೈಲಾಸಕ್ಕೆ ಅನ್ನಿಸಿತು. ಅಷ್ಟರಲ್ಲಿ ಸಿಂಗಲ್ ಚಾ ಅಂಗಡಿಗಳು, ಸಾಲು ದೀಪ, ಭಟ್ಟಿಗಳ ಹೊಟ್ಟು ಸುಡುವ ಹೊಗೆ, ಹುರಿದ ಮಂಡಕ್ಕಿಯ ಬಿಸಿ ವಾಸನೆ. ಕೈಲಾಸ ಬರುವ ಮೊದಲೇ ದಾವಣಗೆರೆ ಬಂತು.

ನಬೀ ಸಾಬರು ಬಿಳಿ ಗಡ್ಡದ, ದಪ್ಪ ಕನ್ನಡಕದ ಮನುಷ್ಯ. ಆಟೋದ ಮೇಲೆ ಹಗ್ಗ ಕಟ್ಟಿಸಿಕೊಂಡು ಕೂತಿದ್ದ ಹೆಂಗಸನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವ್ದು ರಿಪೇರಿ ಮಾಡ್ಬೇಕು? ಸೈಕಲ್ಲೋ, ಅಕ್ಕಾರೋ?"

ಅವರಿಗೆ ಪರಿಚಯವಿದ್ದ ತಿಪ್ಪೇಶ ಸೈಕಲ್ಲನ್ನೂ ಅವ್ವನನ್ನೂ ಇಳಿಸಿ ಸಂಗತಿ ಹೇಳಿದ. ಎಲ್ಲ ಹೇಳಲಿಲ್ಲ, ಪೊಟ್ಟಣ ಕಳೆದಿದೆ ಎಂದಷ್ಟೇ ಅಂದ. ಸಾಬರು ಹಿಂದಿನ ಗಾಲಿ ಎತ್ತಿ ಇಟ್ಟಿಗೆಯ ಮೇಲಿಟ್ಟು, ಪಾನಾ ತೆಗೆದುಕೊಳ್ಳುವ ಮೊದಲು ಸುಮ್ಮನೆ ಬೆರಳಿನಿಂದ ನಟ್ಟನ್ನು ಮುಟ್ಟಿದರು. ಆನೆ ಬಂದರೂ ಬಿಚ್ಚದ ನಟ್ಟು ಬಾಟಲಿ ಮುಚ್ಚಳದ ಹಾಗೆ ಕೈಗೇ ತಿರುಗಿ ಬಂತು.

ತಿಪ್ಪೇಶ ನಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಬೆಳಿಗ್ಗೆ ಮೈಯೆಲ್ಲ ಬಿಟ್ಟು ಬಿಗ್ದಿದ್ದೆ ಸಾಬ್ರೆ."

"ಬಿಗ್ದಿದ್ದೆ ಅಂತೀ. ಹಿಡ್ಕಣಾಕೆ ಯಾರನ್ನ ಇಟ್ಟಿದ್ದೆ?"

"ಅದಿಲ್ದೇನೂ ಓಡ್ತಿತ್ತಲ್ಲ?"

"ಓಡ್ತಿತ್ತು. ವಾಪಸ್ ಬರ್ತಿರ್ಲಿಲ್ಲ."

ರೇವತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಸೇತುವೆಯ ಇಳಿಜಾರು ಅವಳ ಕಣ್ಣ ಮುಂದೆ ಬಂದಿರಬೇಕು.

ಸಾಬರು ತಗಡಿನ ಡಬ್ಬಿಗಳನ್ನು ನೆಲಕ್ಕೆ ಸುರಿದರು. ಲೈಟಿನ ಕೆಳಗೆ ಸಣ್ಣ ಸಣ್ಣ ಕಬ್ಬಿಣವೆಲ್ಲ ಮಿನುಗಿದವು, ಕೆರೆಯಲ್ಲಿ ನಕ್ಷತ್ರ ಬಿದ್ದ ಹಾಗೆ. ಹುಡುಕುತ್ತ ಮಾತಾಡಿದರು. "ಈ ಎರಡು ಕಾಲಿನ ಪಿನ್ನು ಬೇಕೇ ಬೇಕು, ನಟ್ಟು ಓಡಿಹೋಗ್ದಂಗೆ. ಈ ವಾಷರು ಇದ್ರೆ ಗಾಲಿ ಪಕ್ಕಕ್ಕೆ ಉಜ್ಜಲ್ಲ. ಇನ್ನೊಂದು ದೊಡ್ಡ ಬಿಲ್ಲೆ ಕೊಟ್ಟಿರ್ತಾರೆ, ಹೊಳೆಯೋದು, ಅದು ಬರೀ ಶೋಕಿ. ಇಲ್ದಿದ್ರೂ ನಡಿತೈತೆ."

"ಹಂಗಾದ್ರೆ ಸಣ್ಣದೆಲ್ಲ ಬೇಕಂತೇನಿಲ್ಲ," ಎಂದ ತಿಪ್ಪೇಶ, ಸ್ವಲ್ಪ ಜೀವ ಬಂದು.

"ಯಾವ್ದು ಬ್ಯಾಡ ಅಂತ ಬಿಚ್ಚಿ ನೋಡಿದ ಮ್ಯಾಲೆ ಹೇಳ್ಬೇಕು. ಕೂಡ್ಸೋಕೆ ಮೊದ್ಲೇ ಹೇಳ್ಬಾರ್ದು."

ಚೌಕ ಉಕ್ಕು ಮಾತ್ರ ಯಾವ ಡಬ್ಬಿಯಲ್ಲೂ ಸಿಗಲಿಲ್ಲ. ಒಂದು ದಪ್ಪ, ಒಂದು ಗಿಡ್ಡ. ಸಾಬರು ತಲೆ ಅಲ್ಲಾಡಿಸಿದರು. ಕೊನೆಗೆ ದಪ್ಪದ್ದನ್ನೇ ಹಿಡಿದು ಅರದಿಂದ ಉಜ್ಜತೊಡಗಿದರು. ಉಜ್ಜುವುದು, ಅಚ್ಚಿನ ಸಂದಿನಲ್ಲಿಟ್ಟು ನೋಡುವುದು, ತೆಗೆದು ಮತ್ತೆ ಉಜ್ಜುವುದು. ಸರಕ್, ಸರಕ್. ಮಸೀದಿಯಲ್ಲಿ ಮುಸ್ಸಂಜೆಯ 'ಮಗ್ರಿಬ್' ಕೂಗಿದರು. ಸಾಬರು ಎದ್ದು ಹೋಗಿ ನಮಾಜು ಮುಗಿಸಿ ಬಂದು ಮತ್ತೆ ಕೂತರು. ಕಾಯುತ್ತ ಕೂತ ಗಿರಿಯಮ್ಮನಿಗೆ ತಡೆಯಲಾಗಲಿಲ್ಲ.

"ಕಳ್ದಿಲ್ಲ ಸಾಬ್ರೆ. ನಾನೇ ಹೊಳಿಗೆ ಬಿಟ್ಟಿದ್ದು, ದೇವ್ರಿಗೆ ಅಂತ. ಕೊಡಾಕೆ ಕೂತಾಗ ಎಲ್ಲಕ್ಕಿಂತ ಸಣ್ಣದು ಯಾವ್ದು ಅಂತ ಹುಡುಕ್ದೆ. ನಮಗೆ ಬ್ಯಾಡಾದದ್ದು ಯಾವ್ದು ಅಂತ. ಅದಕ್ಕೇ ಹಿಂಗಾತೇನೋ."

ಸಾಬರ ಕೈಯ ಅರ ನಿಂತಿತು. ಅವಳನ್ನೇ ನೋಡಿದರು. ಗಡ್ಡದೊಳಗೆ ನಗು ಹೊರಳಿತು.

"ಮೀನಿಗೆ ಸಿಕ್ಕಿರ್ತೈತೆ ಬಿಡ್ರಿ ಅಕ್ಕಾರೆ. ಹೊಳ್ಯಾಗೆ ಅವೂ ಒಂದು ಮೂರು ಗಾಲಿ ಕೂಡ್ಸ್ತಾ ಕೂತಿರ್ತಾವೆ. ಅವುಕ್ಕೂ ಒಬ್ಬ ತಿಪ್ಪೇಶ ಇರ್ತಾನೆ."

ರೇವತಿ ಮೊದಲು ನಕ್ಕಳು. ಆಮೇಲೆ ತಿಪ್ಪೇಶ. ಗಿರಿಯಮ್ಮ ಕೊನೆಗೆ ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಉಕ್ಕಿನ ಚೂರು ಸಂದಿನೊಳಗೆ ಸರಿದು ಟಪ್ಪೆಂದು ಕೂತಿತು. ಪಿನ್ನಿನ ಎರಡು ಕಾಲನ್ನು ಸಾಬರು ಎರಡು ದಿಕ್ಕಿಗೆ ಮಡಚಿದರು. ಗಾಲಿ ತಿರುಗಿಸಿದಾಗ ಗಿರಿಯಮ್ಮ ಬಾಗಿ ಕಿವಿಗೊಟ್ಟಳು. ಎಲ್ಲಿಯೂ ಅಕ್ಷರ ನುಂಗದೆ, ಉಸಿರು ಮುರಿಯದೆ, ಗಾಲಿ ಪೂರಾ ಸುತ್ತಿ ಬಂತು.

ಸೋಮವಾರ ಬೆಳಗ್ಗೆ ಯಾರೂ ಅವಳ ಹಿಂದೆ ಬರಲಿಲ್ಲ. ರೇವತಿ ಬಾಗಿಲಲ್ಲಿ ನಿಂತು "ಹುಷಾರು ಅತ್ತೆ" ಎಂದಳು, ಬಸ್ಸಿಗೆ ಹೊತ್ತಾಯಿತೆಂದು ತಾನೇ ಮೊದಲು ತಿರುಗಿ ಹೊರಟುಬಿಟ್ಟಳು. ತಿರುಗಿ ನೋಡಬಾರದೆಂದು ಅವಳು ಎಷ್ಟು ಕಷ್ಟಪಟ್ಟಳೆಂಬುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಗಿರಿಯಮ್ಮ ಏರು ಹತ್ತಿದಳು. ಕಾಲಿಗೆ ಭಾರ ಹತ್ತಿತು. ಆ ಭಾರ ಹಿತವಾಗಿತ್ತು. ತುಳಿದದ್ದು ಗಾಲಿಗೆ ಮುಟ್ಟುತ್ತಿತ್ತು.

ಮಂಟಪದಲ್ಲಿ ಕಂಬಕ್ಕೊರಗಿ ಕೂತಳು. ಅಜ್ಜಯ್ಯನವರು ಹಾಡಿದರು, ಬಿಡಿಸಿದರು, ಹಾಡಿದರು. ಬಿಸಿಲು ಹೊಳೆಯಿಂದೆದ್ದು ಕಂಬ ಹತ್ತಿತು. ದಿನಾ ಕೈ ಬೀಳುತ್ತಿದ್ದ ಹೊತ್ತು ಬಂತು, ಹೆಗಲು ತಾನಾಗಿ ಒಂದಿಷ್ಟು ಸೆಟೆದುಕೊಂಡಿತು, ಹೊತ್ತು ಹಾಗೇ ದಾಟಿಹೋಯಿತು. ಕೊನೆಯ ಪದ್ಯದ ಕೊನೆಯ ಅಕ್ಷರವನ್ನು ಅಜ್ಜಯ್ಯನವರು ಎಳೆದು, ತೆಳ್ಳಗೆ ಮಾಡಿ, ಗಾಳಿಗೆ ಬಿಟ್ಟರು. ಪುಸ್ತಕ ಮುಚ್ಚಿದರು. ಹರಹರ ಎನ್ನುವ ಮೊದಲು ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಗಿರಿಯಮ್ಮ ಮರೆತೇಬಿಟ್ಟಿದ್ದಳು. ಇಷ್ಟು ದಿನ ತನಗೆ ತಪ್ಪಿದ್ದು ಕಥೆಯಲ್ಲ, ಇದು. ಹೊಳೆಯೂ ಆಗ ಸದ್ದು ತಗ್ಗಿಸಿದ ಹಾಗಿತ್ತು.

ಮಂಗಳಾರತಿ ಆಯಿತು, ಪ್ರಸಾದ ಆಯಿತು, ಜನ ಚಪ್ಪಲಿ ಹುಡುಕುತ್ತ ಎದ್ದುಹೋದರು. "ಗಿರಿಯಮ್ಮಾ, ಬಿಡಾಕೆ ಯಾರೂ ಬರ್ಲಿಲ್ಲೇನು?" ಎಂದು ಅಜ್ಜಯ್ಯನವರು ಕೇಳಿದರು.

"ಇಲ್ರೀ ಅಜ್ಜಾರೆ," ಎಂದಳು. ಹೇಳುವಾಗ ದನಿಯಲ್ಲಿ ಒಂದಿಷ್ಟು ಜಂಬ ಇಣುಕಿತು, ಶಿವ ಕ್ಷಮಿಸಲಿ.

ಮನೆಯ ದಾರಿಯಲ್ಲಿ ಕುರಿಯ ಹಿಂಡೊಂದು ರಸ್ತೆ ತುಂಬ ಬಂತು. ಯಾವ ಬೆಟ್ಟದ ಕಡೆಯಿಂದ ಇಳಿದದ್ದೋ, ಹೊಳೆಯಾಚೆಯ ಹಸಿರಿಗೆ ಹೊರಟಿತ್ತು. ಕರಿಯ, ಕಂದು, ಬಿಳಿಯ ಬೆನ್ನುಗಳು ಮೊರೆಯುತ್ತ ಸೈಕಲ್ಲಿನ ಎರಡೂ ಕಡೆಯಿಂದ ಹರಿಯತೊಡಗಿದವು. ಗಿರಿಯಮ್ಮ ಬ್ರೇಕ್ ಹಿಡಿದು ನಡುರಸ್ತೆಯಲ್ಲೇ ನಿಂತಳು. ಕುರಿ ಕಾಯುವವನು ಕಂಬಳಿ ಸರಿಪಡಿಸುತ್ತ ದೂರದಿಂದಲೇ ಕೂಗಿದ.

"ಯವ್ವಾ, ಇಳ್ಕಂಡು ಪಕ್ಕಕ್ಕೆ ನಿಲ್ರಿ, ತಳ್ಳಿಗಿಳ್ಳಿ ಬಿಟ್ಟಾವು!"

"ಇಳಿಯಲ್ಲಪ್ಪಾ," ಎಂದಳು ಗಿರಿಯಮ್ಮ. "ನೀವು ಹೋಗ್ರಿ. ನನಗೇನು ಅವಸ್ರ ಇಲ್ಲ."

ಉಣ್ಣೆಯ ಬೆಚ್ಚನೆ ವಾಸನೆ ಸುತ್ತ ಎದ್ದಿತು. ಮರಿಯೊಂದು ಗಾಲಿಗೆ ಮೈ ಉಜ್ಜಿ ಮುಂದೆ ಹೋಯಿತು. ಎರಡೂ ಕಾಲು ಪೆಡಲ್ ಮೇಲೇ ಇದ್ದವು, ಕೈ ಮಡಿಲಲ್ಲಿತ್ತು. ಅವಳು ಹಾಗೇ ಕೂತಿದ್ದಳು. ಹಿಂಡು ಮುಗಿಯುವಂತೆ ಕಾಣಲಿಲ್ಲ.